ರಾತ್ರಿ ಹನ್ನೊಂದರ ಮೇಲೆ

1993ರಲ್ಲಿ ಧಾರವಾಡದ ನಮ್ಮ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ, ಒಳಗೆ ಅದನ್ನು ನಡೆಸುವ ಎಂಎಸ್-ಡಾಸ್ ಅನ್ನುವ ತಂತ್ರಾಂಶ. ಮೌಸ್ ಇಲ್ಲ, ಚಿತ್ರ ಇಲ್ಲ. ಮಿಣಮಿಣ ಅನ್ನುವ ಒಂದು ಗೆರೆ, ಅಷ್ಟೇ. ಬೇಕಾದ್ದನ್ನು ನಾವೇ ಟೈಪ್ ಮಾಡಬೇಕು. ಒಂದಕ್ಷರ ತಪ್ಪಿದರೆ 'ಬ್ಯಾಡ್ ಕಮಾಂಡ್' ಅಂತ ಬೈಸಿಕೊಳ್ಳಬೇಕು.

ಫೈಲ್ ತುಂಬಿಡುವ ಫ್ಲಾಪಿ ಡಿಸ್ಕುಗಳು ಐದೂಕಾಲು ಇಂಚಿನವು, ಹಪ್ಪಳದ ಹಾಗೆ. ಒಂದರಲ್ಲಿ ಹಿಡಿಯುತ್ತಿದ್ದುದು 360 ಕೆಬಿ. ಅವನ್ನು ಪೇಡೆ ಡಬ್ಬಿಯಲ್ಲಿ ಇಡುತ್ತಿದ್ದೆ. ಡಬ್ಬಿಗೆ ಅಂಟಿದ್ದ ಸಕ್ಕರೆ ಒರೆಸಿರಲಿಲ್ಲ. ಡ್ರೈವ್ ಕರಕರ ಅಂದು, ಪರದೆ ಮೇಲೆ 'ಅಬಾರ್ಟ್, ರಿಟ್ರೈ, ಫೇಲ್?' ಅಂತ ಬಂತು. ಹಿಂದೆ ನಿಂತಿದ್ದ ಅಪ್ಪನ ಕಣ್ಣಿಗೆ ಕಡೇ ಶಬ್ದ ಮಾತ್ರ ಬಿತ್ತು.

"ಯಾವ ಸಬ್ಜೆಕ್ಟ್ ಹೋತಲೇ?"

ಆಮೇಲೆ ಮೋಡೆಮ್ ಬಂತು, ಕಂಪ್ಯೂಟರಿನ ಮಾತನ್ನು ಸದ್ದು ಮಾಡಿ ಫೋನ್ ಲೈನಿನಲ್ಲಿ ಕಳಿಸುವ ಡಬ್ಬಿ. ಗೆಳೆಯನೊಬ್ಬ ಮುಂಬೈನ ಒಂದು ಬುಲೆಟಿನ್ ಬೋರ್ಡಿನ ನಂಬರ್ ಕೊಟ್ಟಿದ್ದ. ಯಾರದೋ ಮನೆಯ ಕಂಪ್ಯೂಟರ್ ಅದು. ಫೋನ್ ಹಚ್ಚಿ ಒಳಹೊಕ್ಕು ಪತ್ರ ಬರೆದಿಡಬಹುದು, ಫೈಲ್ ಇಳಿಸಿಕೊಳ್ಳಬಹುದು. ಇರುವುದು ಒಂದೇ ಲೈನ್, ಹಾಗಾಗಿ ಒಂದು ಸಲಕ್ಕೆ ಒಬ್ಬರೇ. 1978ರಲ್ಲಿ ಶಿಕಾಗೋದಲ್ಲಿ ಹಿಮ ಸುರಿದು ಮನೆಯಲ್ಲೇ ಕೂತ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸ್ಯೂಸ್ ಶುರು ಮಾಡಿದ ಹವ್ಯಾಸ ಇದು. ಅವರನ್ನು ಹಿಮ ಕೂಡಿಹಾಕಿತ್ತು, ನನ್ನನ್ನು ಎಸ್‌ಟಿಡಿ ದರ. ರಾತ್ರಿ 11ರ ಮೇಲೆ ಹೊರ ಊರಿನ ಫೋನಿಗೆ ಕಾಲುಭಾಗ ಚಾರ್ಜು. ಮನೆಯವರೆಲ್ಲ ಮಲಗಲಿ ಅಂತ ಕಾಯುತ್ತಿದ್ದೆ.

ಅವತ್ತು ಇಳಿಸುತ್ತಿದ್ದುದು 300 ಕೆಬಿಯ ಒಂದು ಆಟ. ಸೆಕೆಂಡಿಗೆ 2400 ಬಿಟ್ ಸಾಗಿಸುವ ಮೋಡೆಮ್ಮಿನಲ್ಲಿ ಕಮ್ಮಿ ಅಂದ್ರೂ 20 ನಿಮಿಷ. ಫೈಲ್ ಸಾಗಿಸಲು ಬಳಸಿದ್ದು ಅದೇ ಕ್ರಿಸ್ಟೆನ್‌ಸನ್ ಬರೆದ ಎಕ್ಸ್‌ಮೋಡೆಮ್ ಅನ್ನುವ ವಿಧಾನ. ಫೈಲನ್ನು 128 ಬೈಟಿನ ತುಂಡು ಮಾಡಿ, ಪ್ರತಿ ತುಂಡಿಗೂ 'ಮುಟ್ಟಿತಾ?' ಅಂತ ಕೇಳಿ ಕಳಿಸುವುದರಲ್ಲಿ ಅದು ಶಿಸ್ತಿನ ಮನುಷ್ಯನ ಹಾಗೆ. ಆದರೆ ನಡುವೆ ಲೈನ್ ಕಡಿದರೆ ಮತ್ತೆ ಮೊದಲಿಂದ. ಆ ವಿಷಯದಲ್ಲಿ ಕರುಣೆಯೇ ಇಲ್ಲ.

ಇನ್ನೆರಡು ನಿಮಿಷ ಇತ್ತು. ಪರದೆ ತುಂಬ ಹುಚ್ಚುಚ್ಚು ಚಿಹ್ನೆಗಳು ಬಂದವು. ನಡುಮನೆಯ ಇನ್ನೊಂದು ಫೋನನ್ನು ಆಯಿ ಎತ್ತಿದ್ದಳು. ನೀರಿಗೆ ಎದ್ದವಳು, ಫೋನ್ 'ಟಿಂಗ್' ಅಂದಿದ್ದು ಕೇಳಿ ಎತ್ತಿದ್ದಾಳೆ. ಕಿವಿಯಲ್ಲಿ ಮೋಡೆಮ್ಮಿನ ಕಿರುಚಾಟ.

"ಎವ್ವಾ! ಯಾರೋ ಅಳಾಕತ್ತಾರ! ಎದ್ದೇಳ್ರಿ!"

ನಡುರಾತ್ರಿ ಟ್ರಂಕ್ ಕಾಲ್ ಅಂದರೆ ಸಾವಿನ ಸುದ್ದಿ ಅನ್ನುವ ಕಾಲ ಅದು. ಇದು ಕಂಪ್ಯೂಟರಿನ ದನಿ ಆಯಿ, ಅಂದೆ. "ಕಂಪ್ಯೂಟರ್ ಯಾಕ ಅಳ್ತೈತಿ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ವಿವರಿಸುವ ಹೊತ್ತಿಗೆ ಆಕೆ ಗದಗಿನ ಮಾಮಾನಿಗೆ ಫೋನ್ ಹಚ್ಚಿ, ಅರ್ಧ ಹೇಳಿ, ಅತ್ತು ಇಟ್ಟಾಗಿತ್ತು.

ಬೆಳಿಗ್ಗೆ ಫಸ್ಟ್ ಬಸ್ಸಿಗೆ ಮಾಮಾ ಬಂದಿಳಿದ. ಹೆಗಲ ಮೇಲೆ ಟವೆಲ್, ಮುಖ ಸಣ್ಣಗೆ. ಬಾಗಿಲಲ್ಲೇ ನಿಂತು, "ಯಾರ್ ಹೋದ್ರು?" ಅಂತ ಮೆಲ್ಲಗೆ ಕೇಳಿದ.

ಅಪ್ಪ ಪೇಪರಿನಿಂದ ತಲೆ ಎತ್ತದೆ ನನ್ನ ಕಡೆ ಬೆರಳು ತೋರಿಸಿದರು.

"ಇವಂದೊಂದು ಫೈಲು."