ಟೋಕಿಯೋದಲ್ಲಿ ಹೆಚ್ಚು ಕಾಸು ಖರ್ಚಿಲ್ಲದ ಭಾನುವಾರ

ಟೋಕಿಯೋದಲ್ಲಿ ವಾರಾಂತ್ಯ ಹೇಗೆ ಕಳೆಯಬಹುದು ಅನ್ನೋ ನಿಮ್ಮ ಲೇಖನದಲ್ಲಿ ಡಿಸ್ನಿಲ್ಯಾಂಡ್, ಅಂಗಡಿಗಳಿಂದ ತುಂಬಿದ ಶಿಬುಯಾ ಪೇಟೆ ಅಂತ ಬರೆದಿದ್ದೀರಿ. ಪ್ರವಾಸಿಗರಿಗೆ ಸರಿ, ಇಲ್ಲೇ ಬಾಡಿಗೆ ಕಟ್ಟಿಕೊಂಡು ಇರುವವರಿಗೆ ಅದು ಜೇಬಿಗೆ ಭಾರ ಅಲ್ವಾ? ನನ್ನ ಮಟ್ಟಿಗೆ ಮೊದಲು ಹೇಳಬೇಕಾದದ್ದು ತಕಾವೊ ಬೆಟ್ಟ. ನಗರದ ದೊಡ್ಡ ನಿಲ್ದಾಣ ಶಿಂಜುಕುವಿನಿಂದ ಕೇಯೊ ಲೈನ್ ರೈಲು ಹಿಡಿದರೆ ಸುಮಾರು ಒಂದು ಗಂಟೆ, ಎತ್ತರ 599 ಮೀಟರ್ ಅಷ್ಟೇ. ಹತ್ತೋ ದಾರಿಗಳಿಗೆ ನಂಬರ್ ಇದೆ. ಒಂದನೇ ದಾರಿ ಬಹುಪಾಲು ಸಿಮೆಂಟಿನದು, ಅದರಲ್ಲಿ ಜನ ಜಾಸ್ತಿ. ಆರನೇ ದಾರಿ ಹಳ್ಳದ ಪಕ್ಕದಲ್ಲೇ ಹೋಗುತ್ತೆ, ಕೊನೆಗೆ ನೀರಿನೊಳಗಿನ ಕಲ್ಲುಗಳ ಮೇಲೆ ಕಾಲಿಟ್ಟು ದಾಟಬೇಕು, ಆದ್ದರಿಂದ ಹಿಡಿತ ಇರೋ ಶೂ ಹಾಕಿಕೊಂಡು ಹೋಗಿ. ಚಳಿಗಾಲದ ಬೆಳಗ್ಗೆ ಆಕಾಶ ತಿಳಿಯಾಗಿದ್ದರೆ ಮೇಲಿಂದ ಫೂಜಿ ಪರ್ವತ ಕಾಣುತ್ತೆ.

ಸಸ್ಯಾಹಾರಿಗಳೇ, ಒಂದು ಮಾತು. ಬೆಟ್ಟದ ಕೆಳಗೆ ಸೋಬಾ (ಜಪಾನಿನ ಒಂದು ಬಗೆಯ ನೂಡಲ್ಸ್) ಅಂಗಡಿಗಳು ಸಾಲಾಗಿವೆ, ಬಟ್ಟಲಲ್ಲಿ ಬರೀ ಸೊಪ್ಪು, ಗೆಡ್ಡೆ ಕಂಡರೂ ಅದರ ಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ರಸ ಇರುತ್ತೆ. ಬುತ್ತಿ ಕಟ್ಟಿಕೊಂಡು ಹೋಗೋದೇ ನೆಮ್ಮದಿ. ಬೇಳೆ, ಸಾಂಬಾರ್ ಪುಡಿಗೆ ನಿಶಿ ಕಸಾಯ್ ಕಡೆ ಹೋಗಿ, ಟೋಕಿಯೋದಲ್ಲಿ ಭಾರತೀಯರು ತುಂಬಾ ಇರೋ ಜಾಗ.

ದೂರ ಸುತ್ತೋ ಆಸೆ ಇದ್ದರೆ ಸೇಶುನ್ 18 ಅನ್ನೋ ಅಗ್ಗದ ರೈಲು ಟಿಕೆಟ್ ಇದೆ. ಸೇಶುನ್ ಅಂದ್ರೆ ಯೌವನ. ಹೆಸರು ನೋಡಿ ಹುಡುಗರಿಗೆ ಮಾತ್ರ ಅಂದುಕೊಳ್ಳಬೇಡಿ, ಯಾವ ವಯಸ್ಸಿನವರೂ ಕೊಳ್ಳಬಹುದು. ಬುಲೆಟ್ ರೈಲು ಶಿಂಕಾನ್ಸೆನ್‌ಗೆ ನಡೆಯೋಲ್ಲ, ಜಪಾನ್ ರೈಲ್ವೆ ಗುಂಪಾದ ಜೆಆರ್‌ನ ಸಾಮಾನ್ಯ ರೈಲುಗಳಿಗೆ ಮಾತ್ರ. 2024ರ ಚಳಿಗಾಲದಿಂದ ನಿಯಮ ಬದಲಾಗಿದೆ: ಮೂರು ಅಥವಾ ಐದು ದಿನ ಸತತವಾಗಿ, ಒಬ್ಬರೇ ಬಳಸಬೇಕು. ಮೊದಲಿನ ಹಾಗೆ ಗೆಳೆಯರೆಲ್ಲ ಒಂದೇ ಟಿಕೆಟ್ ಹಂಚಿಕೊಳ್ಳೋಕೆ ಆಗಲ್ಲ. ನನಗಂತೂ ಇದು ಬೇಜಾರಿನ ವಿಷಯ. ಇವನ್ನೂ ಲೇಖನಕ್ಕೆ ಸೇರಿಸಿ, ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರುತ್ತೆ.