ನದಿಯ ಹಲ್ಲು ಕೀಳುವ ಇಲಾಖೆ

2016ರ ಕಾನೂನು ದೇಶದಲ್ಲಿ ಒಟ್ಟು 111 ರಾಷ್ಟ್ರೀಯ ಜಲಮಾರ್ಗಗಳಿವೆ ಎಂದು ಸಾರಿದ್ದು ನಿಮಗೆಲ್ಲ ಗೊತ್ತೇ ಇದೆ. ಆ ಪಟ್ಟಿಯಲ್ಲಿ ನಮ್ಮ ಮಲಪ್ರಭೆಯೂ ಇದ್ದಾಳೆ, ಘಟಪ್ರಭೆಯೂ ಇದ್ದಾಳೆ. ನವಿಲುತೀರ್ಥದ ಕೆಳಗೆ ಬೇಸಿಗೆಯಲ್ಲಿ ಎಮ್ಮೆ ಮೈ ತೊಯ್ಯುವಷ್ಟು ನೀರಿಗೂ ಹುಡುಕಾಡಬೇಕಾದ ಹೊಳೆ, ಗೆಜೆಟ್ಟಿನಲ್ಲಿ ಮಾತ್ರ ಹಡಗಿನ ಹೆದ್ದಾರಿ. ತುಂಗಭದ್ರೆಯೂ ಪಟ್ಟಿಯಲ್ಲಿದ್ದಾಳೆ, ಅಲ್ಲಿ ಹರಿಗೋಲಿನವರು ಬಿದಿರು ಹೆಣೆದು (ಹಿಂದೆಲ್ಲ ಚರ್ಮ ಹೊದಿಸಿ) ತಲೆತಲಾಂತರದಿಂದ ಜನರನ್ನು ದಾಟಿಸುತ್ತಲೇ ಬಂದಿದ್ದಾರೆ. ಬಂಡೆ ಅಡ್ಡ ಬಂದರೆ ಸುತ್ತಿ ಹೋಗುತ್ತಾರೆ, ನೀರು ಇಳಿದರೆ ಹರಿಗೋಲನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ನದಿಯನ್ನು ‘ಸುಧಾರಿಸಿ’ ಎಂದು ಅವರು ಯಾರಿಗೂ ಅರ್ಜಿ ಹಾಕಿದವರಲ್ಲ.

ಸುಧಾರಣೆ ಎಂದರೆ ಏನೆಂದು ತಿಳಿಯಬೇಕಾದರೆ ಅಮೆರಿಕಕ್ಕೆ ಹೋಗಬೇಕು, ಅದೂ ಇನ್ನೂರು ವರ್ಷ ಹಿಂದಕ್ಕೆ. 1824ರಲ್ಲಿ ಅಲ್ಲಿನ ಕಾಂಗ್ರೆಸ್ಸು ಒಹಾಯೊ ಮತ್ತು ಮಿಸಿಸಿಪ್ಪಿ ನದಿಗಳನ್ನು ಉಗಿದೋಣಿಗಳಿಗೆ ಹಸನು ಮಾಡಲು 75,000 ಡಾಲರ್ ಎತ್ತಿಟ್ಟಿತು. ಕೆಲಸ ಕೆಂಟಕಿಯ ಗುತ್ತಿಗೆದಾರನೊಬ್ಬನ ಪಾಲಾಯಿತು. ನೀರಲ್ಲಿ ಸಿಕ್ಕಿಕೊಂಡ ಮರಗಳನ್ನು ತೆಗೆಯಬೇಕಿತ್ತು; ಆತ ನೀರಿನ ಮಟ್ಟಕ್ಕೆ ಸರಿಯಾಗಿ ಕೊಯ್ಯಿಸಿದ. ದಡದಿಂದ ನೋಡಿದವರಿಗೆ ನದಿ ಕನ್ನಡಿಯಂತೆ ಕಂಡಿತು. ಮೊದಲು ಕಣ್ಣಿಗೆ ಬೀಳುತ್ತಿದ್ದ ಬೊಡ್ಡೆ ಈಗ ಒಂದಡಿ ನೀರಿನಡಿ ಅಡಗಿ ಕೂತು, ಬರುವ ದೋಣಿಯ ಹೊಟ್ಟೆಗಾಗಿ ಕಾಯತೊಡಗಿತು. ಗುಂಡಿ ಮುಚ್ಚುವ ಬದಲು ಅದರ ಮೇಲೆ ತೆಳ್ಳಗೆ ಡಾಂಬರು ಎಳೆಯುವುದು ನಮ್ಮವರೇ ಕಂಡುಹಿಡಿದ ವಿದ್ಯೆ ಎಂದು ಬೀಗುವಂತಿಲ್ಲ.

ಆ ಬೊಡ್ಡೆಗಳ ವಿಷಯ ಸ್ವಲ್ಪ ಹೇಳಲೇಬೇಕು. ದಂಡೆ ಕುಸಿದಾಗ ಮರ ಬುಡಸಮೇತ ನದಿಗೆ ಉರುಳುತ್ತದೆ. ಬೇರಿಗೆ ಅಂಟಿದ ಮಣ್ಣಿನ ಭಾರಕ್ಕೆ ಬುಡ ತಳ ಸೇರಿ ಹೂಳಿನಲ್ಲಿ ಲಂಗರು ಹಾಕುತ್ತದೆ. ಸೆಳವು ತುದಿಯನ್ನು ಕೆಳಹರಿವಿನ ಕಡೆಗೆ ಬಾಗಿಸುತ್ತದೆ. ಕೊಂಬೆಗಳು ಮುರಿದು ಹೋದ ಮೇಲೆ ಉಳಿಯುವುದು ಒಂದು ಈಟಿ. ಕೆಳಗಿನಿಂದ ಮೇಲಕ್ಕೆ ಬರುವ ದೋಣಿಗೆ ಅದು ಎದುರೆದುರೇ ಸಿಗುತ್ತದೆ. ಅಲುಗಾಡದೆ ನಿಂತದ್ದಕ್ಕೆ ಅಲ್ಲಿನ ದೋಣಿಗರು ‘ಪ್ಲಾಂಟರ್’ ಎನ್ನುತ್ತಿದ್ದರು. ಗರಗಸದ ಹಾಗೆ ಏಳುತ್ತ ಮುಳುಗುತ್ತ ಇರುವುದು ‘ಸಾಯರ್’. ಎರಡನೆಯದು ಹೆಚ್ಚು ಕಿಡಿಗೇಡಿ, ಏಕೆಂದರೆ ನೀವು ನೋಡಿದ ಗಳಿಗೆಯಲ್ಲಿ ಅದು ಮುಳುಗಿರುತ್ತದೆ. ಉಗಿದೋಣಿಯೋ, ಕಡಿಮೆ ನೀರಿನಲ್ಲಿ ತೇಲಲೆಂದು ಚಪ್ಪಟೆ ತಳ, ತೆಳ್ಳನೆ ಹಲಗೆ. ಒಂದು ತಿವಿತ ಸಾಕು.

ಇದಕ್ಕೆ ಮದ್ದು ಕಂಡುಹಿಡಿದವನು ಉಗಿದೋಣಿಯ ಕಪ್ತಾನ ಹೆನ್ರಿ ಶ್ರೀವ್. 1826ರ ಕೊನೆಗೆ ಪಶ್ಚಿಮದ ನದಿಗಳ ಸುಧಾರಣೆಯ ಮೇಲ್ವಿಚಾರಕನಾಗಿ ನೇಮಕಗೊಂಡ. 1829ರಲ್ಲಿ ‘ಹೀಲಿಯೊಪೊಲಿಸ್’ ಎಂಬ ದೋಣಿ ಕಟ್ಟಿಸಿದ. ಇದು ಒಂದು ದೋಣಿಯಲ್ಲ, ಜೋಡೆತ್ತಿನಂತೆ ಪಕ್ಕಪಕ್ಕ ಕಟ್ಟಿದ ಎರಡು ಒಡಲು. ಎರಡಕ್ಕೂ ನಡುವೆ ಮುಂಭಾಗದಲ್ಲಿ ಕಬ್ಬಿಣದ ತಗಡು ಹೊಡೆದ ಭಾರಿ ತೊಲೆ. ಪೂರ್ತಿ ಉಗಿ ಕೊಟ್ಟು ಬೊಡ್ಡೆಗೆ ಗುದ್ದುವುದು. ಅದು ಮುರಿಯಬೇಕು, ಇಲ್ಲವೇ ಬುಡ ಸಡಿಲಬೇಕು. ಸಡಿಲಿದ್ದಕ್ಕೆ ಸರಪಳಿ ಬಿಗಿದು ರಾಟೆಯಿಂದ ಮೇಲೆತ್ತಿ, ಅಲ್ಲೇ ತುಂಡು ಮಾಡಿ, ಮಣಭಾರದ ಬೇರುಗಡ್ಡೆಯನ್ನು ಆಳದ ಮಡುವಿಗೆ ಕೆಡಹುವುದು, ಹಗುರಾದ ತುಂಡುಗಳನ್ನು ತೇಲಿಬಿಡುವುದು. ಜನ ಇವಕ್ಕೆ ‘ಅಂಕಲ್ ಸ್ಯಾಮ್‌ನ ಹಲ್ಲು ಕೀಳುವ ದೋಣಿ’ ಎಂದು ಹೆಸರಿಟ್ಟರು. ಕುಹಕ ಬದಿಗಿಟ್ಟು ಹೇಳುವುದಾದರೆ ಯಂತ್ರ ಸೊಗಸಾಗಿತ್ತು. ಸರ್ಕಾರಿ ಕೆಲಸ ನೀರಿನ ಮಟ್ಟದಿಂದ ಕೆಳಗೂ ನಡೆದ ಅಪರೂಪದ ಉದಾಹರಣೆ.

ಹಲ್ಲು ಕಿತ್ತಿದ್ದೇನೋ ಸರಿ, ಹೊಸ ಹಲ್ಲು ಬರುತ್ತಿದ್ದುದು ಎಲ್ಲಿಂದ? ಅದೇ ಉಗಿದೋಣಿಗಳಿಂದ. ಅವು ಸೌದೆ ತಿನ್ನುವ ಪ್ರಾಣಿಗಳು. ಅಲ್ಲಿನ ಸೌದೆಯ ಅಳತೆ ‘ಕಾರ್ಡ್’: ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಟ್ಟಣೆ. ದೊಡ್ಡ ದೋಣಿ ದಿನಕ್ಕೆ 50 ಕಾರ್ಡ್ ಸುಡುತ್ತಿತ್ತು. ಸಾಲಾಗಿ ಜೋಡಿಸಿದರೆ 400 ಅಡಿ ಉದ್ದದ ಸೌದೆಗೋಡೆ, ಒಂದೇ ದಿನಕ್ಕೆ, ಒಂದೇ ದೋಣಿಗೆ! ಆ ಸೌದೆ ಬಂದದ್ದು ದೋಣಿ ನಿಲ್ಲಿಸಿದ ಕಡೆ, ಅಂದರೆ ದಂಡೆಯ ಕಾಡಿನಿಂದ. ಮರ ಹೋದ ಮೇಲೆ ಬೇರು ಕೊಳೆಯಿತು, ಮಣ್ಣಿನ ಹಿಡಿತ ಬಿಟ್ಟಿತು, ದಂಡೆ ಕುಸಿಯಿತು, ಅಂಚಿನಲ್ಲಿ ಉಳಿದಿದ್ದ ಮರವೂ ನೀರಿಗೆ. ಕುಸಿಯುವ ದಂಡೆಯ ಮರ ಮುಂದೆ ಬೊಡ್ಡೆಯಾದೀತು ಎಂದು ಇಲಾಖೆಯೂ ಮುಂಜಾಗ್ರತೆಯಿಂದ ಅದನ್ನು ಕಡಿಸಿತು. ಇಲಾಖೆಗೆ ಕೆಲಸ ಮುಗಿಯುವ ಭಯ ಎಂದೂ ಇರಲಿಲ್ಲ.

1831ರಲ್ಲಿ ಶ್ರೀವ್‌ಗೆ ಇನ್ನೊಂದು ಯೋಚನೆ ಹೊಳೆಯಿತು. ಟರ್ನ್‌ಬುಲ್ ತಿರುವಿನಲ್ಲಿ ಮಿಸಿಸಿಪ್ಪಿ ವೃಥಾ ಬಳಸಿ ಹೋಗುತ್ತಿದೆ, ಕತ್ತು ಕಡಿದರೆ ದಾರಿ ಉಳಿಯುತ್ತದೆ. ಕಡಿದ. ನದಿ ನೇರವಾಯಿತು, ದೋಣಿಗರು ಖುಷಿಯಾದರು. ಆ ತಿರುವಿನಲ್ಲೇ ರೆಡ್ ನದಿ ಬಂದು ಸೇರುತ್ತಿತ್ತು, ಅಟ್ಚಾಫಲಾಯ ಎಂಬ ಕವಲು ಅಲ್ಲಿಂದಲೇ ಹೊರಡುತ್ತಿತ್ತು. ಈ ಬೀಗತನವನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕವಲಿನ ಬಾಯಿಗೆ ದಿಮ್ಮಿಗಳ ಬಿರಡೆ ಬಿದ್ದಿತ್ತು. 1839ರಿಂದ ಅದನ್ನೂ ಕೀಳತೊಡಗಿದರು. ಸಮುದ್ರಕ್ಕೆ ಅರ್ಧಕ್ಕಿಂತ ಕಡಿಮೆ ದೂರದ ಇಳಿಜಾರು ದಾರಿ ಸಿಕ್ಕರೆ ಯಾವ ನದಿ ಬಿಟ್ಟೀತು? ಕವಲು ಅಗಲವಾಗುತ್ತ, ಆಳವಾಗುತ್ತ, ಮಿಸಿಸಿಪ್ಪಿಯನ್ನೇ ತನ್ನತ್ತ ಎಳೆಯತೊಡಗಿತು. ಮಿಸಿಸಿಪ್ಪಿಯ ಕೆಳಹರಿವಿನ ನ್ಯೂ ಆರ್ಲಿಯನ್ಸ್ ನಗರ ಕೊಳದ ದಂಡೆಯ ಊರಾಗಿಬಿಡುವ ಭಯ ಹುಟ್ಟಿತು. 1963ರ ಹೊತ್ತಿಗೆ ‘ಓಲ್ಡ್ ರಿವರ್’ ತಡೆಗೇಟುಗಳು ಎದ್ದವು: ಶೇ 30ರಷ್ಟು ನೀರು ಕವಲಿಗೆ, 70 ಮಿಸಿಸಿಪ್ಪಿಗೆ, ದಿನವೂ ಅಳೆದು ಬಿಡಬೇಕು. 1973ರ ನೆರೆ ಆ ಕಟ್ಟಡದ ಬುಡವನ್ನೇ ಕೊರೆದು ಇನ್ನೇನು ಉರುಳಿಸಲಿತ್ತು. ಉಗಿದೋಣಿ ವಸ್ತುಸಂಗ್ರಹಾಲಯ ಸೇರಿ ಎಷ್ಟೋ ಕಾಲವಾಯಿತು. ಅದಕ್ಕಾಗಿ ಉಳಿಸಿದ ಅರ್ಧ ದಿನದ ದಾರಿಗೆ ಬಡ್ಡಿ ಇನ್ನೂ ಕಟ್ಟುತ್ತಿದ್ದಾರೆ.

ರೆಡ್ ನದಿಯ ಮೇಲ್ಭಾಗದಲ್ಲಿ ಇನ್ನೂ ದೊಡ್ಡ ಬಿರಡೆ ಇತ್ತು. ‘ಗ್ರೇಟ್ ರಾಫ್ಟ್’ ಎಂದರೆ 150 ಮೈಲಿಗೂ ಮಿಕ್ಕಿದ ದಿಮ್ಮಿರಾಶಿಗಳ ಸಾಲು. ಕೆಳತುದಿಯ ದಿಮ್ಮಿಗಳು ಕೊಳೆತು ಕಳಚಿಕೊಳ್ಳುವವು, ಮೇಲ್ತುದಿಗೆ ಪ್ರತಿ ನೆರೆಯಲ್ಲೂ ಹೊಸವು ಬಂದು ಸೇರುವವು. ಹೀಗೆ ಇಡೀ ರಾಶಿ ಆಮೆಯಂತೆ ನದಿಯ ಮೇಲ್ಮುಖವಾಗಿ ತೆವಳುತ್ತಿತ್ತು. ಮೇಲೆ ಗಿಡಗಂಟಿ ಬೆಳೆದು, ಕೆಲವೆಡೆ ಕಾಲಡಿ ನದಿಯಿದೆ ಎಂದು ತಿಳಿಯದೆಯೇ ದಾಟಬಹುದಿತ್ತು. 1833ರ ಏಪ್ರಿಲ್‌ನಲ್ಲಿ ಶ್ರೀವ್ ನಾಲ್ಕು ದೋಣಿ, 159 ಆಳುಗಳೊಂದಿಗೆ ಬಂದ. ಕೆಳಗಿನ ದಿಮ್ಮಿಗಳು ಕೊಳೆತು ಮೆತ್ತಗಾಗಿದ್ದರಿಂದ ಜೂನ್ ಮುಗಿಯುವಷ್ಟರಲ್ಲಿ ಸುಮಾರು 70 ಮೈಲಿ ತೆರೆದುಕೊಂಡಿತು. ಕಿತ್ತ ದಿಮ್ಮಿಗಳನ್ನು ಅಕ್ಕಪಕ್ಕದ ಕಾಲುಹೊಳೆಗಳ ಬಾಯಿಗೆ ತುರುಕಿ, ನೀರು ಚದುರದೆ ನಡುಹೊಳೆಯಲ್ಲೇ ಹರಿಯುವಂತೆ ಮಾಡಿದ್ದು ಅವನ ಜಾಣತನ. ಮೇಲೆ ಹೋದಂತೆ ದಿಮ್ಮಿ ಹೊಸತು, ಗಟ್ಟಿ, ಹಟಮಾರಿ. ಕೊನೆ ಮುಟ್ಟಲು 1838 ಆಯಿತು. ಅದೇ ವರ್ಷ ರಾಶಿ ಮತ್ತೆ ಕಟ್ಟಿಕೊಂಡಿತು! ಕೀಳಲು ಹಣವಿತ್ತು, ಕಿತ್ತದ್ದನ್ನು ಕಾಯ್ದುಕೊಳ್ಳಲು ಇರಲಿಲ್ಲ. ಈ ವಾಕ್ಯವನ್ನು ಕನ್ನಡದಲ್ಲಿ ವಿವರಿಸುವ ಅಗತ್ಯವಿಲ್ಲ.

ನಡುವೆ 1836ರಲ್ಲಿ ನದಿದಂಡೆಯ ದಿಬ್ಬದ ಮೇಲೆ ಊರು ಕಟ್ಟುವ ಕಂಪನಿಯೊಂದು ಹುಟ್ಟಿತು. ಪಾಲುದಾರರಲ್ಲಿ ಮೇಲ್ವಿಚಾರಕ ಶ್ರೀವ್ ಕೂಡ ಒಬ್ಬ. ಊರಿನ ಹೆಸರು ಶ್ರೀವ್‌ಪೋರ್ಟ್. ದಾರಿ ಬಿಡಿಸುವವನೇ ದಾರಿಬದಿಯ ಸೈಟು ಮಾಡಿಸುವುದು ದೂರದೃಷ್ಟಿ. ರಿಂಗ್ ರೋಡಿನ ನಕ್ಷೆ ಬರುವ ಮೊದಲೇ ಜಮೀನು ಕೊಳ್ಳುವವರು ಇವನ ಫೋಟೊ ಇಟ್ಟು ಪೂಜಿಸಬೇಕು.

ಆ ನೆಲ ಖಾಲಿ ಬಿದ್ದಿರಲಿಲ್ಲ. ಅದು ಕ್ಯಾಡೋ ಎಂಬ ಮೂಲನಿವಾಸಿ ಜನರದು. ದಿಮ್ಮಿರಾಶಿ ಅವರಿಗೆ ಅಡ್ಡಿಯಾಗಿರಲಿಲ್ಲ, ಕೋಟೆಯಾಗಿತ್ತು. ದೋಣಿ ಬರುವ ದಾರಿ ತೆರೆಯುತ್ತಲೇ 1835ರ ಜುಲೈ 1ರಂದು ಅವರ ಮುಂದೆ ಕಾಗದ ಇಟ್ಟರು. ಹತ್ತು ಲಕ್ಷ ಎಕರೆಯಷ್ಟು ನೆಲಕ್ಕೆ 80,000 ಡಾಲರ್, ಎಕರೆಗೆ ಎಂಟು ಸೆಂಟು. ಅದರಲ್ಲಿ 30,000 ದುಡ್ಡಲ್ಲ, ಸಾಮಾನು. ಒಂದು ವರ್ಷದೊಳಗೆ ದೇಶದ ಗಡಿ ದಾಟಬೇಕು, ಸ್ವಂತ ಖರ್ಚಿನಲ್ಲಿ, ಮತ್ತೆಂದೂ ಬಂದು ನೆಲೆಸಬಾರದು. ಸ್ವಂತ ಖರ್ಚಿನಲ್ಲಿ! ಬೊಡ್ಡೆ ಸಾಗಿಸಲು ಸರ್ಕಾರದ ಬಳಿ ಹಣವಿತ್ತು. ಮನುಷ್ಯರನ್ನು ಎಬ್ಬಿಸಿ ಓಡಿಸುವಾಗ ಬಂಡಿಬಾಡಿಗೆಯನ್ನೂ ಅವರ ಕೈಯಿಂದಲೇ ಕೀಳಿಸಿದವರ ಬಗ್ಗೆ ಹಾಸ್ಯ ಮಾಡಲು ಮನಸ್ಸು ಬರುವುದಿಲ್ಲ. ಆಗಿನ್ನೂ ಅಮೆರಿಕಕ್ಕೆ ಸೇರಿರದ ಟೆಕ್ಸಸ್‌ಗೆ ಹೋದರು, 1859ರಲ್ಲಿ ಅಲ್ಲಿಂದಲೂ ಎಬ್ಬಿಸಿ ಈಗಿನ ಒಕ್ಲಹೋಮಕ್ಕೆ ಅಟ್ಟಿದರು.

ರಾಶಿಗೆ ಕೊನೆ ಕಾಣಿಸಿದ್ದು 1873ರಲ್ಲಿ, ಸೇನೆಯ ಎಂಜಿನಿಯರುಗಳು ನೈಟ್ರೋಗ್ಲಿಸರಿನ್ ಇಟ್ಟು ಸಿಡಿಸಿದಾಗ. ಕೆಲಸ ಮುನ್ನಡೆಸಿದ ಲೆಫ್ಟಿನೆಂಟ್ ಯುಜೀನ್ ವುಡ್ರಫ್ ಆ ವರ್ಷ ಶ್ರೀವ್‌ಪೋರ್ಟಿನಲ್ಲಿ ಹಬ್ಬಿದ ಹಳದಿಜ್ವರಕ್ಕೆ ಬಲಿಯಾದ. ಕೆಲಸವನ್ನು ಅವನ ಸೋದರ ಜಾರ್ಜ್ ಮುಗಿಸಿದ. ನದಿ ತೆರೆಯಿತು. ತೆರೆದ ನದಿಯ ನೀರು ತಗ್ಗಿತು. ಟೆಕ್ಸಸ್‌ನ ಜೆಫರ್ಸನ್ ಪಟ್ಟಣ ಅದುವರೆಗೆ ದೊಡ್ಡ ಬಂದರು. ಅಲ್ಲಿಗೆ ದೋಣಿ ಬರುತ್ತಿದ್ದುದೇ ದಿಮ್ಮಿರಾಶಿ ಹಿಂದೆ ನಿಲ್ಲಿಸಿದ ನೀರಿನ, ಅಂದರೆ ಕ್ಯಾಡೋ ಸರೋವರದ, ಮೇಲೆ. ನದಿ ಸುಧಾರಿಸಿತು, ಬಂದರು ಒಣಗಿತು. ರೈಲೂ ಅದೇ ವರ್ಷ ಅಲ್ಲಿಗೆ ಬಂದಿಳಿದಿತ್ತು, ದೋಣಿಯ ತಿಥಿಗೆ ಹೊತ್ತಿಗೆ ಸರಿಯಾಗಿ.

ನೀರು ಇಳಿದ ಕ್ಯಾಡೋ ಸರೋವರಕ್ಕೆ 1914ರಲ್ಲಿ ಅಣೆಕಟ್ಟು ಕಟ್ಟಿದರು. 41 ವರ್ಷದ ಹಿಂದೆ ಪುಕ್ಕಟೆ ನಿಂತಿದ್ದನ್ನು ಮದ್ದಿಟ್ಟು ಹಾರಿಸಿದ್ದರಲ್ಲ, ಆ ಕೆಲಸವನ್ನೇ ಇದು ಮಾಡಬೇಕಾಯಿತು. ಸರೋವರದ ಹೆಸರು ಮಾತ್ರ ಇನ್ನೂ ಕ್ಯಾಡೋ.