ಕಲ್ಲು ಓದಲು ನಿಂತವನ ಪಾಡು

ಮಂಗಳೂರಿನ ಮಾರ್ಕೆಟ್ಟಿನಲ್ಲಿ ಬಂಗುಡೆಯ ರೇಟು ಕೇಳುತ್ತಾ ಅರ್ಧ ಗಂಟೆ ನಿಲ್ಲಿ, ಯಾರೂ ನಿಮ್ಮನ್ನು ವಿಚಾರಿಸುವುದಿಲ್ಲ. ರಸ್ತೆ ಬದಿಯ ಹಳೆಯ ಕಲ್ಲಿನ ಮುಂದೆ ಎರಡು ನಿಮಿಷ ನಿಂತು ನೋಡಿ. ಒಬ್ಬರು ಸ್ಕೂಟರ್ ನಿಧಾನ ಮಾಡುತ್ತಾರೆ. ಇನ್ನೊಬ್ಬರು ಗೇಟಿನಿಂದ ಇಣುಕುತ್ತಾರೆ. ಮೂರನೆಯವರು ನೇರ ಬಂದು "ಎಂತ ಬಿದ್ದದ್ದು ಮಾರ್ರೆ?" ಎಂದು ಕೇಳಿ, ನಿಮ್ಮ ಜೊತೆ ತಾವೂ ನೆಲ ಹುಡುಕಲು ಶುರು ಮಾಡುತ್ತಾರೆ.

ನನಗೆ ಈ ಚಟ ಉಂಟು. ಕಲ್ಲು, ಫಲಕ ಏನೇ ಕಂಡರೂ ಗಾಡಿ ನಿಲ್ಲಲೇಬೇಕು. ಇದು ಕುಡಿತಕ್ಕಿಂತ ಕಷ್ಟದ್ದು ಅಂತ ನನ್ನ ಹೆಂಡತಿಯ ವಾದ. ಬಾರ್ ಆದರೂ ರಾತ್ರಿ ಬಾಗಿಲು ಹಾಕುತ್ತದಂತೆ.

ಅಷ್ಟು ಕಷ್ಟಪಟ್ಟು ನಿಂತರೆ ಓದಲು ಸಿಗುವುದೇನು? ಸರ್ಕಾರದ ಆ ನೀಲಿ ಬೋರ್ಡು ನೀವೂ ನೋಡಿರಬಹುದು. ಸ್ಮಾರಕ ಕಟ್ಟಿದ್ದು ಯಾರು, ಯಾಕೆ ಅನ್ನುವುದಕ್ಕೆ ಅದರಲ್ಲಿ ಜಾಗವಿಲ್ಲ. ಹಾಳು ಮಾಡಿದರೆ ಏನಾಗುತ್ತದೆ ಅನ್ನುವುದು ಮಾತ್ರ ವಿವರವಾಗಿ ಇರುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಮೂರು ತಿಂಗಳು ಜೈಲು ಅಥವಾ 5,000 ರೂಪಾಯಿ ದಂಡ ಇತ್ತು. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ, ಒಂದು ಲಕ್ಷಕ್ಕೆ ಏರಿತು. ಹಳೆಯ ಶಾಸನಗಳೂ ಬೆದರಿಸುತ್ತಿದ್ದವು, ಇಲ್ಲ ಅಂತಲ್ಲ. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ, ಅಂದರೆ ಹಸು, ಕೊಂದ ಪಾಪ ಬರಲಿ ಅಂತ ಶಪಿಸುತ್ತಿದ್ದವು. ಆದರೆ ರಾಜ ಯಾರು, ಕೊಟ್ಟದ್ದು ಎಷ್ಟು ಗದ್ದೆ, ಗಡಿ ಎಲ್ಲಿ, ಎಲ್ಲ ಹೇಳಿ ಮುಗಿಸಿ ಕೊನೆಗೆ ಶಾಪ. ನಮ್ಮದು ಬರೀ ಶಾಪ.

ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಅದರ ಪೀಠದಲ್ಲಿ, ಹಿಂದೆ ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮನ ಕಾಲದ, 968ನೇ ಇಸವಿಯ ಬರಹ. ಅದನ್ನು ಬಗ್ಗಿ ನೋಡುತ್ತಿದ್ದಾಗ ಹಿಂದಿದ್ದ ಒಬ್ಬರು ಅಮ್ಮ, "ಬೇಡಿಕೊಂಡದ್ದು ಸಾಕು, ಸ್ವಲ್ಪ ಜಾಗ ಬಿಡಿ" ಅಂದರು.

ಮಂಗಳೂರಿನದ್ದೇ ಹಂಪನಕಟ್ಟೆಯದ್ದು ಬೇರೆ ಕತೆ. ದಾರಿಹೋಕರಿಗೆ ಅಪ್ಪಣ್ಣ ಅನ್ನುವವರು ಅಲ್ಲಿ ಕಟ್ಟೆಯ ಮೇಲೆ ಕೂತು ನೀರು ಕೊಡುತ್ತಿದ್ದರಂತೆ. ಈ ಕತೆ ಉಳಿದದ್ದು ಬಾಯಿಂದ ಬಾಯಿಗೆ. 2021ರಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆದರೆ ಸರ್ಕಲ್ಲಿನಲ್ಲೇ ಹಳೆಯ ಬಾವಿ! ಅಗೆದ ರಸ್ತೆಯಿಂದ ನಮ್ಮೂರಿಗೆ ಲಾಭ ಆದದ್ದು ಅಪರೂಪ ನೋಡಿ.

ಈ ಚಟದ ಪೂರ್ತಿ ಬೆಲೆ ತೆತ್ತದ್ದು ಮಾತ್ರ ಬಾರಕೂರಿನಲ್ಲಿ. ಆ ಕಡೆ ಒಂದು ಮದುವೆ. ಆಳುಪರ ರಾಜಧಾನಿಯಾಗಿದ್ದ ಊರು. ದಿನಕ್ಕೊಂದರ ಹಾಗೆ 365 ದೇವಸ್ಥಾನ ಇತ್ತು ಅಂತ ಜನ ಹೇಳುವ ಊರು. ಅಂಥಲ್ಲಿ ಬೇಲಿ ಬದಿಯಲ್ಲಿ ಅರ್ಧ ಹೂತ ಶಾಸನ ಕಂಡರೆ ನಾನು ಹೇಗೆ ಮುಂದೆ ಹೋಗಲಿ? ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಾಗ ಬೇಲಿಯಾಚೆಯಿಂದ ಅಜ್ಜರೊಬ್ಬರು ಬಂದರು. ಮುಖ ಬಿಗಿದಿತ್ತು.

"ಸರ್ವೆಯವರಾ? ರಸ್ತೆ ಅಗಲ ಮಾಡುದಾ? ನಮ್ಮ ತೆಂಗಿನಮರಕ್ಕೆ ಎಷ್ಟು ಕೊಡ್ತಾರೆ?"

ಅಲ್ಲ ಎಂದೆ. ನಂಬಲಿಲ್ಲ. ಹೆಂಡತಿಯ ರೇಷ್ಮೆ ಸೀರೆ ತೋರಿಸಿ, ಮದುವೆಗೆ ಹೊರಟವರು ಎಂದೆ. ಸೀರೆ ಕೆಲಸ ಮಾಡಿತು. ಅಜ್ಜರು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಭೂತಾಳ ಪಾಂಡ್ಯನ ಕತೆ ಶುರು ಮಾಡಿದರು.

ದೇವಪಾಂಡ್ಯ ಹಡಗು ಕಟ್ಟಿಸಿದ. ನೀರಿಗಿಳಿಸಲು ಹೊರಟರೆ ಕುಂಡೋದರ ಎಂಬ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಮುಂದೆ ಬಿಟ್ಟಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಮುಂದೆ ಭೂತಾಳ ಪಾಂಡ್ಯ. ಆಸ್ತಿ ಮಗನಿಗಲ್ಲ, ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ ಎಂದಾಯಿತು. ಅಳಿಯಸಂತಾನ ಬಂದದ್ದೇ ಹಾಗೆ ಅನ್ನುತ್ತದೆ ಕತೆ.

"ಆ ಅಳಿಯ ಪ್ರಾಣ ಕೊಡಲು ಬಂದವ" ಎಂದು ಅಜ್ಜರು ದನಿ ಏರಿಸಿದರು. "ಈಗಿನವರು ಒಂದು ಕರೆಂಟ್ ಬಿಲ್ ಕಟ್ಟಿ ಬರುದಿಲ್ಲ. ಪಾಲು ಮಾತ್ರ ಬೇಕು!"

ಅಲ್ಲೇ ಗೊತ್ತಾಯಿತು, ಕತೆ ನನಗೆ ಹೇಳಿದ್ದಲ್ಲ. ಅಂಗಳದ ಆಚೆ ಬೈಕು ಒರೆಸುತ್ತಿದ್ದ ಒಬ್ಬ ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದ. ಹೆಂಡತಿ ವಾಚು ನೋಡಿದಳು. ಮದುವೆಯ ಮೊದಲ ಪಂಕ್ತಿ ಆ ಹೊತ್ತಿಗೆ ಪಾಯಸಕ್ಕೆ ಬಂದಿರಬೇಕು.

ನಾವು ಎದ್ದು ಗೇಟಿನವರೆಗೆ ಬಂದಾಗ ಆ ಬೈಕಿನವ ಮೆಲ್ಲ ಹಿಂದೆ ಬಂದ.

"ಸಾರ್, ಆ ಕಲ್ಲಿನಲ್ಲಿ ಜಾಗದ ಗಡಿ ಬರೆದಿರ್ತದೆ ಅಂತ ಹೇಳ್ತಾರಲ್ಲ, ಹೌದಾ?"

ಬರೆದಿರುವುದುಂಟು ಎಂದೆ.

"ಹಾಗಾದ್ರೆ ಮಾವನಿಗೆ ಗೊತ್ತಾಗದ ಹಾಗೆ ಒಮ್ಮೆ ಓದಿ ಹೇಳ್ತೀರಾ? ನಮ್ಮ ತೋಟ ಅದ್ರಲ್ಲಿ ಎಲ್ಲಿವರೆಗೆ ಬರ್ತದೆ ಅಂತ?"

ಹೆಂಡತಿ ಅಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿ ಆಗಿತ್ತು.